ಫನಲ್‌ಗೆ ಸೋತ ಕಾಲಮ್: ಮಿಡಿಯುವ ಎಕ್ಸ್‌ಟ್ರಾಕ್ಷನ್ ಕಾಲಮ್ ಒಂದರ ದುರಸ್ತಿಯ ದಾಖಲೆ

ಮಂಗಳೂರಿನ ಹೊರವಲಯದ ನಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ನಿಂತಿರುವ ಗಾಜಿನ ಎಕ್ಸ್‌ಟ್ರಾಕ್ಷನ್ ಕಾಲಮ್ (ಸೀಮೆಎಣ್ಣೆಯಲ್ಲಿ ಕರಗಿಸಿದ ಬೆಂಜೋಯಿಕ್ ಆಮ್ಲವನ್ನು ನೀರಿಗೆ ಇಳಿಸುವ ಕೊಳವೆ) ಕೆಟ್ಟಿದೆ ಎಂದು ಯಾರೂ ದೂರು ಕೊಟ್ಟಿರಲಿಲ್ಲ. ಮೋಟಾರು ತಿರುಗುತ್ತಿತ್ತು, ನೀರು ಮೇಲಿನಿಂದ ಇಳಿಯುತ್ತಿತ್ತು, ಸೀಮೆಎಣ್ಣೆ ಕೆಳಗಿನಿಂದ ಏರುತ್ತಿತ್ತು, ವಿದ್ಯಾರ್ಥಿಗಳು ಬ್ಯುರೆಟ್ಟಿನ ಅಂಕಿಗಳನ್ನು ಬರೆದುಕೊಂಡು ಹೋಗುತ್ತಿದ್ದರು. ಅದರ ದೋಷ ನನಗೆ ತಿಳಿದದ್ದು ಒಂದು ಸೆಪರೇಟಿಂಗ್ ಫನಲ್‌ನಿಂದ. ಜೂನ್ ತಿಂಗಳ ಮೊದಲ ವಾರ, ಸಮತೋಲನದ ಅಂಕಿಗಳಿಗಾಗಿ ಒಂದು ಪಾಲು ಸೀಮೆಎಣ್ಣೆಯನ್ನೂ ಎರಡು ಪಾಲು ನೀರನ್ನೂ ಫನಲ್‌ಗೆ ಹಾಕಿ ಐದು ನಿಮಿಷ ಕುಲುಕಿ, ಪದರಗಳು ಬೇರೆಯಾದ ಮೇಲೆ ಟೈಟ್ರೇಶನ್ ಮಾಡಿದೆ, ಅಂದರೆ ಕ್ಷಾರವನ್ನು ಹನಿಹನಿಯಾಗಿ ಸೇರಿಸಿ ಆಮ್ಲವೆಷ್ಟಿದೆ ಎಂದು ಅಳೆದೆ. ಸೀಮೆಎಣ್ಣೆಯಲ್ಲಿದ್ದ ಬೆಂಜೋಯಿಕ್ ಆಮ್ಲದ ನೂರಕ್ಕೆ 54 ಭಾಗ ನೀರಿಗೆ ಇಳಿದಿತ್ತು. ಅದೇ ಸೀಮೆಎಣ್ಣೆಯನ್ನು, ಅದೇ ಅನುಪಾತದ ನೀರಿನೊಂದಿಗೆ, ಒಂದೂವರೆ ಮೀಟರ್ ಎತ್ತರದ ಕಾಲಮ್‌ನಲ್ಲಿ ಒಂದು ಗಂಟೆ ಹರಿಸಿದಾಗ ಇಳಿದದ್ದು 42 ಭಾಗ ಮಾತ್ರ. ಕೈಯಲ್ಲಿ ಹಿಡಿದು ಕುಲುಕುವ ಫನಲ್ ಹೆಚ್ಚೆಂದರೆ ಒಂದು ಸೈದ್ಧಾಂತಿಕ ಹಂತದಷ್ಟು, ಅಂದರೆ ಎರಡು ದ್ರವಗಳು ಒಮ್ಮೆ ಬೆರೆತು ಪೂರ್ತಿ ಸಮತೋಲನಕ್ಕೆ ಬರುವಷ್ಟು, ಕೆಲಸ ಮಾಡಬಲ್ಲದು. ಮೂವತ್ತು ತಟ್ಟೆಗಳಿರುವ ಕಾಲಮ್ ಅಷ್ಟನ್ನೂ ಮಾಡುತ್ತಿರಲಿಲ್ಲ.

ಉಪಕರಣದ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ. ಒಳವ್ಯಾಸ 50 ಮಿಲಿಮೀಟರ್ ಇರುವ ಗಾಜಿನ ಕೊಳವೆ, ಅದರೊಳಗೆ ಒಂದೇ ಸರಳಿಗೆ ಪೋಣಿಸಿದ ಮೂವತ್ತು ತೂತುತಟ್ಟೆಗಳು, ತಟ್ಟೆಯಿಂದ ತಟ್ಟೆಗೆ 50 ಮಿಲಿಮೀಟರ್ ಅಂತರ. ಮೇಲ್ಗಡೆ 100 ಮಿಲಿಮೀಟರ್ ವ್ಯಾಸದ ಅಗಲವಾದ ತಲೆ. ಅಲ್ಲಿ ಸೀಮೆಎಣ್ಣೆಯ ಹನಿಗಳು ಒಂದಾಗಿ ಪದರವಾಗಿ ನಿಂತು, ಬದಿಯ ಮೂತಿಯಿಂದ ಉಕ್ಕಿ ಹೊರಹೋಗುತ್ತವೆ. ನೀರು ಕೆಳಗಿನಿಂದ ಹೊರಟು, ತಲೆಕೆಳಗಾದ ಇಂಗ್ಲಿಷ್ ಯು ಅಕ್ಷರದ ಆಕಾರದ ಲ್ಯೂಟ್ ಲೆಗ್ ಏರಿ ಹೊರಬೀಳುತ್ತದೆ. ಕಾಲಮ್‌ನ ಬುಡದ ಪಕ್ಕದ ಕವಲಿನಲ್ಲಿ, ಗೇರ್ ಮೋಟಾರಿಗೆ ಜೋಡಿಸಿದ 50 ಮಿಲಿಮೀಟರ್ ವ್ಯಾಸದ ಪಿಸ್ಟನ್ ಇದೆ. ಅದು ಹಿಂದೆ ಮುಂದೆ ಆಡಿದಾಗ ಕಾಲಮ್‌ನೊಳಗಿನ ದ್ರವವೆಲ್ಲ ಒಟ್ಟಿಗೆ ಮೇಲೆ ಕೆಳಗೆ ಮಿಡಿಯುತ್ತದೆ. ಮೇಲ್ಮಿಡಿತದಲ್ಲಿ ತಟ್ಟೆಯ ಅಡಿಯಲ್ಲಿ ಸೇರಿದ ಸೀಮೆಎಣ್ಣೆ ತೂತುಗಳ ಮೂಲಕ ಹನಿಹನಿಯಾಗಿ ಚಿಮ್ಮುತ್ತದೆ. ಕೆಳಮಿಡಿತದಲ್ಲಿ ನೀರು ಇಳಿಯುತ್ತದೆ. ಈ ಬಗೆಯ ಕಾಲಮ್‌ಗೆ ವಾನ್ ಡೈಕ್ ಎಂಬವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1935ರಲ್ಲಿ. ದ್ರವ ಹಾದುಹೋಗುವ ಕೊಳವೆಯೊಳಗೆ ಚಲಿಸುವ ಭಾಗವೇ ಇಲ್ಲದ ಕಾರಣ, ಮನುಷ್ಯರು ಹತ್ತಿರ ಹೋಗಿ ರಿಪೇರಿ ಮಾಡಲಾಗದ ಅಣು ಇಂಧನದ ಮರುಸಂಸ್ಕರಣೆಯಲ್ಲಿ ಮುಂದೆ ಇದು ಬಹಳ ಬಳಕೆಗೆ ಬಂತು.

ಪ್ರಯೋಗಕ್ಕೆ ನಾವು ಬಳಸುವುದು ತಿಳಿಬಣ್ಣದ ಸೀಮೆಎಣ್ಣೆ, ಅಂದರೆ ನಮ್ಮ ಊರಿನ ಮಾತಿನಲ್ಲಿ ಚಿಮಿಣಿ ಎಣ್ಣೆ. ಪಡಿತರದ ನೀಲಿ ಎಣ್ಣೆ ಇಂಥ ಕೆಲಸಕ್ಕೆ ಮೀಸಲಾದುದಲ್ಲ; ಜೊತೆಗೆ ಆ ಬಣ್ಣದ ಎದುರು ಫೀನಾಲ್ಫ್ಥಲೀನ್‌ನ (ಟೈಟ್ರೇಶನ್ ಮುಗಿದದ್ದನ್ನು ತೋರಿಸುವ ಸೂಚಕದ) ನಸುಗೆಂಪು ಸರಿಯಾಗಿ ಕಾಣುವುದೂ ಇಲ್ಲ. ಲೀಟರಿಗೆ ಒಂದೂವರೆ ಗ್ರಾಮ್‌ನಷ್ಟು ಬೆಂಜೋಯಿಕ್ ಆಮ್ಲ ಕರಗಿಸಿದಾಗ ಸಾಂದ್ರತೆ 0.0125 ಮೋಲ್ ಆಗುತ್ತದೆ. ಗಂಟೆಗೆ 10 ಲೀಟರ್ ಸೀಮೆಎಣ್ಣೆ, 20 ಲೀಟರ್ ಬಟ್ಟಿ ಇಳಿಸಿದ ನೀರು. 25 ಮಿಲಿಲೀಟರ್ ಮಾದರಿಗೆ 0.01 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್. ಹಾಗಾಗಿ ಒಳಹೋಗುವ ಸೀಮೆಎಣ್ಣೆಗೆ ಬ್ಯುರೆಟ್ಟಿನಲ್ಲಿ 31.2 ಮಿಲಿಲೀಟರ್ ಬೀಳಬೇಕು. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಳೆಗಾಲದ ಮಂಗಳೂರಿನಲ್ಲಿ ಹೈಡ್ರಾಕ್ಸೈಡ್‌ನ ಹರಳುಗಳು ತಕ್ಕಡಿಯ ಮೇಲೆ ಇಟ್ಟಲ್ಲೇ ನೀರು ಕುಡಿದು ಒದ್ದೆಯಾಗುತ್ತವೆ, ತೂಕವನ್ನು ನಂಬುವಂತಿಲ್ಲ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್‌ನಿಂದ ದ್ರಾವಣದ ಬಲವನ್ನು ಹೊಸದಾಗಿ ಕಂಡುಕೊಳ್ಳುತ್ತಿದ್ದೆ. ಎರಡನೆಯದು, ಸೀಮೆಎಣ್ಣೆಯ ಮಾದರಿಗೆ ಅಷ್ಟೇ ನೀರು ಸೇರಿಸಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಜೋರಾಗಿ ಕಲಕುತ್ತಾ ಹನಿ ಹಾಕಬೇಕು. ಆಮ್ಲ ಎಣ್ಣೆಯಿಂದ ನೀರಿಗೆ ಇಳಿಯಲು ಸಮಯ ಬೇಕು. ಬಣ್ಣ ಬಂತೆಂದು ನಿಲ್ಲಿಸಿದರೆ ಅರ್ಧ ನಿಮಿಷದಲ್ಲಿ ಮಾಯವಾಗುತ್ತದೆ. ವಿದ್ಯಾರ್ಥಿಗಳ ಹಳೆಯ ಅಂಕಿಗಳಲ್ಲಿ ಕೆಲವು ಕಾಲಮ್‌ನ ದೋಷವನ್ನು ಮುಚ್ಚಿಟ್ಟದ್ದು ಹೀಗೆ: ಬೇಗ ನಿಲ್ಲಿಸಿದ ಟೈಟ್ರೇಶನ್, ಹೊರಬಂದ ಎಣ್ಣೆಯಲ್ಲಿ ಆಮ್ಲ ಕಡಿಮೆಯಿದೆ ಎಂದು ತೋರಿಸುತ್ತದೆ.

ನೀರಿನಲ್ಲಿ ಇಷ್ಟು ಆಮ್ಲವಿದ್ದರೆ ಎಣ್ಣೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಸಮತೋಲನದ ರೇಖೆಯ ಬಗ್ಗೆಯೂ ಒಂದು ಮಾತು. ಬೆಂಜೋಯಿಕ್ ಆಮ್ಲದ ಅಣುಗಳು ನೀರಿನಲ್ಲಿ ಒಂಟಿಯಾಗಿರುತ್ತವೆ, ಸೀಮೆಎಣ್ಣೆಯಲ್ಲಿ ಹೆಚ್ಚಾಗಿ ಜೋಡಿಯಾಗಿರುತ್ತವೆ. ಆದ್ದರಿಂದ ಹಂಚಿಕೆಯ ಅನುಪಾತ ಸ್ಥಿರವಲ್ಲ. 28 ಡಿಗ್ರಿಯಲ್ಲಿ ನಾನು ಕುಲುಕಿ ಅಳೆದಾಗ, ನೀರಿನಲ್ಲಿ 0.0025 ಮೋಲ್ ಇದ್ದಲ್ಲಿ ಎಣ್ಣೆಯಲ್ಲಿ 0.0032 ಇತ್ತು, ನೀರಿನಲ್ಲಿ ಅದರ ಎರಡರಷ್ಟು, 0.005 ಇದ್ದಲ್ಲಿ ಎಣ್ಣೆಯಲ್ಲಿ 0.012 ಇತ್ತು. ಒಂದೇ ಅನುಪಾತ ಹಿಡಿದು ಸೂತ್ರಕ್ಕೆ ಹಾಕಿದರೆ ಹಂತಗಳ ಲೆಕ್ಕ ತಪ್ಪುತ್ತದೆ. ಗ್ರಾಫ್ ಹಾಳೆಯ ಮೇಲೆ ಬಾಗಿದ ರೇಖೆಯನ್ನೇ ಎಳೆದು ಮೆಟ್ಟಿಲು ಮೆಟ್ಟಿಲಾಗಿ ಎಣಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಮೊದಲ ಅಳತೆ, ಬ್ಯುರೆಟ್ಟಿನ ಮಿಲಿಲೀಟರುಗಳಲ್ಲಿ, ಹೀಗಿತ್ತು: ಒಳಗೆ 31.2, ಹೊರಬಂದ ಎಣ್ಣೆಗೆ 18.0, ಹೊರಬಂದ ನೀರಿಗೆ 6.6. ಎಣ್ಣೆ ಕಳೆದುಕೊಂಡದ್ದು 13.2, ನೀರಿನ ಹರಿವು ಎರಡು ಪಟ್ಟು ಇರುವುದರಿಂದ ಅದು ಪಡೆದದ್ದೂ 13.2. ಕೊಟ್ಟದ್ದೂ ಪಡೆದದ್ದೂ ಕೂಡಿಬಂದ ಮೇಲೆ ದೋಷ ಟೈಟ್ರೇಶನ್‌ನಲ್ಲಿ ಇಲ್ಲ, ಕಾಲಮ್‌ನಲ್ಲೇ ಇದೆ ಎಂಬುದು ಖಚಿತವಾಯಿತು.

ಕಣ್ಣಿಗೆ ಕಂಡದ್ದನ್ನು ಇನ್ನು ಹೇಳುತ್ತೇನೆ. ಟಾರ್ಚ್ ಹಿಡಿದು ನೋಡಿದರೆ ಪ್ರತಿ ತಟ್ಟೆಯ ಅಡಿಯಲ್ಲಿ ಸೀಮೆಎಣ್ಣೆ ಹಾಳೆಯಂತೆ ಹರಡಿಕೊಂಡು, ತೂತುಗಳ ಮೂಲಕ ಚಿಮ್ಮುವ ಬದಲು ಅಂಚಿನತ್ತ ಜಾರಿ, ಗಾಜಿನ ಗೋಡೆಯ ಪಕ್ಕದಿಂದ ಗೋಲಿಯಂಥ ದೊಡ್ಡ ಹನಿಗಳಾಗಿ ಮೇಲೇರುತ್ತಿತ್ತು. ತಟ್ಟೆಯ ಮೇಲ್ಮೈಗೂ ಎಣ್ಣೆ ಅಂಟಿಕೊಂಡಿತ್ತು. ಸ್ಕೇಲ್ ಪಕ್ಕಕ್ಕಿಟ್ಟು ತೆಗೆದ ಚಿತ್ರಗಳಲ್ಲಿ ಹನಿಗಳ ಎತ್ತರ ಸುಮಾರು 6 ಮಿಲಿಮೀಟರ್. ದುಂಡು ಗಾಜಿನ ಕೊಳವೆ ನೀರು ತುಂಬಿದಾಗ ಮಸೂರದಂತೆ ವರ್ತಿಸಿ ಅಗಲವನ್ನು ಹಿಗ್ಗಿಸಿ ತೋರಿಸುವುದರಿಂದ ನಾನು ಎತ್ತರವನ್ನಷ್ಟೇ ಅಳೆದಿದ್ದೇನೆ.

ಒಟ್ಟು ಕಾಲಮ್‌ನಲ್ಲಿ ಎಷ್ಟು ಎಣ್ಣೆ ಹನಿಯಾಗಿ ನಿಂತಿದೆ, ಅಂದರೆ ಹೋಲ್ಡಪ್ ಎಷ್ಟು, ಎಂಬುದನ್ನು ತಿಳಿಯುವ ಉಪಾಯ ಸರಳ. ಎಲ್ಲ ವಾಲ್ವ್‌ಗಳನ್ನೂ ಮೋಟಾರನ್ನೂ ಒಂದೇ ಕ್ಷಣಕ್ಕೆ ನಿಲ್ಲಿಸಬೇಕು. ಹನಿಗಳೆಲ್ಲ ಮೇಲೇರಿ ತಲೆಯ ಎಣ್ಣೆಪದರಕ್ಕೆ ಸೇರಿದಾಗ, ಎಣ್ಣೆ ಮತ್ತು ನೀರಿನ ನಡುವಿನ ಗಡಿ ಕೆಳಗಿಳಿಯುತ್ತದೆ. ಗಡಿ 9 ಮಿಲಿಮೀಟರ್ ಇಳಿಯಿತು. ತಲೆಯ ಅಡ್ಡಕೊಯ್ತದಿಂದ ಗುಣಿಸಿದರೆ ಸುಮಾರು 70 ಮಿಲಿಲೀಟರ್. ತಟ್ಟೆಗಳಿರುವ ಭಾಗದ ಗಾತ್ರ 2.95 ಲೀಟರ್. ಹಾಗಾದರೆ ಹೋಲ್ಡಪ್ ನೂರಕ್ಕೆ ಎರಡೂವರೆಯೂ ಪೂರ್ತಿ ಇಲ್ಲ. ಹನಿಗಳ ಒಟ್ಟು ಮೇಲ್ಮೈಯನ್ನು ಹೋಲ್ಡಪ್‌ನ ಆರು ಪಟ್ಟನ್ನು ಹನಿಯ ವ್ಯಾಸದಿಂದ ಭಾಗಿಸಿ ಪಡೆಯಬಹುದು. ಅದು ಘನ ಮೀಟರಿಗೆ 25 ಚದರ ಮೀಟರಿನ ಆಸುಪಾಸಿನಲ್ಲಿತ್ತು. ಎರಡು ದ್ರವಗಳು ಮುಖಾಮುಖಿಯಾಗುವ ಜಾಗವೇ ಇಷ್ಟು ಕಡಿಮೆಯಿದ್ದರೆ ಕಾಲಮ್ ಎಷ್ಟು ಎತ್ತರವಿದ್ದರೂ ಏನು ಪ್ರಯೋಜನ?

ಕಾಲಮ್ ಬಿಚ್ಚಿದೆವು. ತಟ್ಟೆಗಳು ಪಾಲಿಪ್ರೊಪಿಲೀನ್. ಮೂಲತಃ ಸ್ಟೀಲ್ ತಟ್ಟೆಗಳಿದ್ದವಂತೆ. ಎಂದೋ ಒಮ್ಮೆ ದುರಸ್ತಿಗೆ ಬಂದವರು, ಕೊರೆಯಲು ಸುಲಭ, ತುಕ್ಕು ಹಿಡಿಯುವುದಿಲ್ಲ ಎಂದು ಪ್ಲಾಸ್ಟಿಕ್ ಹಾಳೆಯಿಂದ ಮಾಡಿ ಹಾಕಿಹೋಗಿದ್ದರು. ಪ್ಲಾಸ್ಟಿಕ್ ಸ್ವತಃ ಕೆಟ್ಟ ವಸ್ತುವಲ್ಲ. ಆದರೆ ಹನಿಯಾಗಬೇಕಾದ ದ್ರವ ತಟ್ಟೆಯನ್ನು ತೋಯಿಸಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ಪಾಲಿಪ್ರೊಪಿಲೀನ್ ಎಣ್ಣೆಯನ್ನು ಪ್ರೀತಿಸುತ್ತದೆ, ನೀರನ್ನು ದೂರ ತಳ್ಳುತ್ತದೆ. ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಬೀಕರಿನ ನೀರಿನಲ್ಲಿ ಹಳೆಯ ತಟ್ಟೆಯೊಂದನ್ನು ಅಡ್ಡ ಹಿಡಿದು, ಬಾಗಿದ ಸೂಜಿಯ ಸಿರಿಂಜಿನಿಂದ ಅದರ ಅಡಿಗೆ ಒಂದು ಹನಿ ಸೀಮೆಎಣ್ಣೆ ಬಿಟ್ಟೆ. ಹನಿ ತಟ್ಟೆಗೆ ತಾಗಿದೊಡನೆ ದೋಸೆಯ ಹಿಟ್ಟಿನಂತೆ ಹರಡಿತು. ಚೆನ್ನಾಗಿ ತೊಳೆದ ಸ್ಟೀಲ್ ತುಂಡೊಂದರ ಅಡಿಯಲ್ಲಿ ಅದೇ ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ದುಂಡಗೆ ನಿಂತು, ತುಸು ಓರೆ ಮಾಡಿದ ಕೂಡಲೇ ಉರುಳಿಹೋಯಿತು.

ನಮ್ಮ ಪ್ರಯೋಗದಲ್ಲಿ ಈ ತಪ್ಪು ಇನ್ನಷ್ಟು ದುಬಾರಿಯಾಗಲು ಬೇರೊಂದು ಕಾರಣವಿದೆ. ಇಲ್ಲಿ ಆಮ್ಲ ಹನಿಯಿಂದ ಹೊರಕ್ಕೆ, ಸುತ್ತಲಿನ ನೀರಿಗೆ ಹೋಗುತ್ತದೆ. ಎರಡು ಹನಿಗಳು ಹತ್ತಿರ ಬಂದಾಗ ಅವುಗಳ ನಡುವಿನ ತೆಳುವಾದ ನೀರಿನ ಪೊರೆ ಬೇಗನೆ ಆಮ್ಲದಿಂದ ತುಂಬಿ, ಅಲ್ಲಿ ಮೇಲ್ಮೈ ಸೆಳೆತ ಕಡಿಮೆಯಾಗುತ್ತದೆ. ಸೆಳೆತ ಹೆಚ್ಚಿರುವ ಅಕ್ಕಪಕ್ಕದ ಭಾಗಗಳು ಪೊರೆಯ ದ್ರವವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಪೊರೆ ಹರಿದು ಹನಿಗಳು ಒಂದಾಗುತ್ತವೆ. ಆಮ್ಲ ನೀರಿನಿಂದ ಹನಿಗೆ ಹೋಗುವ ವ್ಯವಸ್ಥೆಯಲ್ಲಿ ಇದಕ್ಕೆ ವಿರುದ್ಧವಾಗಿ ಹನಿಗಳು ಒಂದಾಗಲು ಹಿಂಜರಿಯುತ್ತವೆ. ಅಂದರೆ ನಾವು ಆರಿಸಿಕೊಂಡ ದಿಕ್ಕಿನಲ್ಲಿ ಹನಿಗಳಿಗೆ ಮೊದಲೇ ಕೂಡಿಕೊಳ್ಳುವ ಸ್ವಭಾವವಿದೆ. ಅದಕ್ಕೆ ಎಣ್ಣೆ ಹೀರುವ ತಟ್ಟೆಯೂ ಸೇರಿದರೆ ಹನಿ ಎಂಬುದೇ ಉಳಿಯುವುದಿಲ್ಲ.

ಇನ್ನೊಂದು ದೋಷ ಅಳತೆಯದು. ಹಳೆಯ ತಟ್ಟೆಗಳ ವ್ಯಾಸ 46 ಮಿಲಿಮೀಟರ್. ಎರಡು ಮಿಲಿಮೀಟರ್ ಅಂಚು ಬಿಟ್ಟರೆ ಏನಾಗುತ್ತದೆ ಎಂದು ಅನಿಸಬಹುದು. ಲೆಕ್ಕ ಹಾಕಿದರೆ ಆ ಬಳೆಯಾಕಾರದ ಸಂದು ಕಾಲಮ್‌ನ ಅಡ್ಡಕೊಯ್ತದ ನೂರಕ್ಕೆ 15 ಭಾಗ. ತೂತುಗಳೆಲ್ಲ ಸೇರಿ ಇರುವುದೇ 22 ಭಾಗ. ಅಷ್ಟು ದೊಡ್ಡ ಅಡ್ಡದಾರಿ ಇರುವಾಗ ದ್ರವ ಸಣ್ಣ ತೂತುಗಳಲ್ಲಿ ನುಸುಳುವ ಕಷ್ಟಕ್ಕೆ ಏಕೆ ಹೋಗಬೇಕು?

ತಟ್ಟೆಗಳನ್ನು ಮಾಡಿಸುವ ಮೊದಲು ಪಿಸ್ಟನ್ನಿನ ಕಡೆ ಗಮನ ಕೊಟ್ಟೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಎಷ್ಟು ಗುಣವಾಯಿತು ಎಂಬುದು ತಿಳಿಯುವುದಿಲ್ಲ ಎಂಬ ಕಾರಣಕ್ಕೆ ಹಳೆಯ ತಟ್ಟೆಗಳನ್ನೇ ಮತ್ತೆ ಒಳಗಿಟ್ಟೆ. ಪಿಸ್ಟನ್ನಿನ ಓಟ 20 ಮಿಲಿಮೀಟರ್, ವ್ಯಾಸ ಕಾಲಮ್‌ನಷ್ಟೇ. ಹಾಗಾಗಿ ಕಾಲಮ್‌ನೊಳಗೂ ದ್ರವ 20 ಮಿಲಿಮೀಟರ್ ಆಡಬೇಕು, ಅಡ್ಡಕೊಯ್ತ ನಾಲ್ಕು ಪಟ್ಟು ಇರುವ ತಲೆಯಲ್ಲಿ 5 ಮಿಲಿಮೀಟರ್. ಹರಿವುಗಳನ್ನು ನಿಲ್ಲಿಸಿ, ತಲೆಯ ಗೋಡೆಗೆ ಅಂಟಿಸಿದ ಸ್ಕೇಲಿನಲ್ಲಿ ನೋಡಿದರೆ ಮಟ್ಟ ಎರಡು ಮಿಲಿಮೀಟರ್ ಕೂಡ ಆಡುತ್ತಿರಲಿಲ್ಲ. ಉಳಿದ ಮಿಡಿತ ಎಲ್ಲಿ ಹೋಯಿತು? ಸವೆದ ಸೀಲಿನ ಮೂಲಕ ಪ್ರತಿ ಹಿಂದೋಟದಲ್ಲಿ ಒಂದಿಷ್ಟು ಗಾಳಿ ಒಳಸೇರಿ, ಕವಲುಕೊಳವೆಯ ಎತ್ತರದ ಬಾಗಿನಲ್ಲಿ ಗುಳ್ಳೆಯಾಗಿ ಕುಳಿತಿತ್ತು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಿಸ್ಟನ್ ತಳ್ಳಿದಾಗ ಆ ಗುಳ್ಳೆ ಸ್ಪ್ರಿಂಗಿನಂತೆ ಕುಗ್ಗಿ ಮಿಡಿತವನ್ನು ತಾನೇ ನುಂಗಿಕೊಳ್ಳುತ್ತಿತ್ತು. ಟೆಫ್ಲಾನ್ ಸೀಲ್ ಹಾಕಿಸಿ, ಬಾಗಿನ ನೆತ್ತಿಯಲ್ಲಿ ಗಾಳಿ ಬಿಡುವ ಸಣ್ಣ ವಾಲ್ವ್ ಕೂರಿಸಿದೆವು. ಮಟ್ಟ 5 ಮಿಲಿಮೀಟರ್ ಆಡತೊಡಗಿತು. ಆದರೆ ಹೊರಬಂದ ಎಣ್ಣೆಯ ಬ್ಯುರೆಟ್ ಅಂಕಿ 18.0ರಿಂದ ಇಳಿದದ್ದು 16.4ಕ್ಕೆ ಮಾತ್ರ, ಇನ್ನೂ ಫನಲ್‌ನ 14.2ಕ್ಕಿಂತ ಹಿಂದೆ. ದೋಷದ ದೊಡ್ಡ ಪಾಲು ತಟ್ಟೆಯದೇ ಎಂಬುದು ಇದರಿಂದ ಸ್ಪಷ್ಟವಾಯಿತು.

ಹೊಸ ತಟ್ಟೆಗಳು ಬೈಕಂಪಾಡಿಯ ಲೇತ್ ಅಂಗಡಿಯೊಂದರಲ್ಲಿ ತಯಾರಾದವು. ಒಂದು ಮಿಲಿಮೀಟರ್ ದಪ್ಪದ 316 ಸ್ಟೇನ್‌ಲೆಸ್ ಸ್ಟೀಲ್, ವ್ಯಾಸ 49 ಮಿಲಿಮೀಟರ್. ಅಂಚಿನ ಸಂದು ಈಗ ನೂರಕ್ಕೆ 4 ಭಾಗ. ಗಾಜಿನ ಕೊಳವೆ ಎಲ್ಲ ಕಡೆಯೂ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಇನ್ನೂ ಬಿಗಿ ಮಾಡುವ ಧೈರ್ಯ ನನಗೆ ಬರಲಿಲ್ಲ. ತೂತುಗಳು 3 ಮಿಲಿಮೀಟರ್, ಜೇನುಗೂಡಿನ ವಿನ್ಯಾಸದಲ್ಲಿ ನಡುವಿನಿಂದ ನಡುವಿಗೆ 5.5 ಮಿಲಿಮೀಟರ್. ನಡುವೆ ಒಂದು, ಸುತ್ತ ಆರು, ಹನ್ನೆರಡು, ಹದಿನೆಂಟು, ಇಪ್ಪತ್ತನಾಲ್ಕು ಎಂದು ಲೆಕ್ಕ ಹಾಕಿದರೆ 61 ಸ್ಥಾನಗಳು. ನಡುವಿನದು 4 ಮಿಲಿಮೀಟರ್ ಸರಳಿಗೆ ಹೋಗಿ 60 ತೂತುಗಳು ಉಳಿಯುತ್ತವೆ. ತೆರೆದ ಜಾಗ ಸುಮಾರು 22 ಭಾಗ. ಈ ಬಗೆಯ ಕಾಲಮ್‌ಗಳಲ್ಲಿ ರೂಢಿಯಾಗಿರುವ 23 ಭಾಗಕ್ಕೆ ಅದು ಹತ್ತಿರವೇ. ಹಾಳೆಗಳನ್ನು ಒಂದೊಂದಾಗಿ ಕೊರೆಯುವಂತೆ ನಾನು ಚಿತ್ರ ಬರೆದುಕೊಟ್ಟಿದ್ದೆ. ಲೇತ್‌ನ ಹಿರಿಯರು ಅದನ್ನು ನೋಡಿ, "ಹತ್ತು ಹತ್ತು ಒಟ್ಟಿಗೆ ಕಟ್ಟಿ ಕೊರೆಯುವ ಸರ್, ಒಂದೊಂದೇ ಹೊಡೆದ್ರೆ ಒಂದಕ್ಕೊಂದು ಕೂಡುವುದಿಲ್ಲ" ಎಂದರು. ಅವರ ಮಾತು ನಡೆಯಿತು, ಕೆಲಸವೂ ಚೊಕ್ಕವಾಗಿ ಬಂತು. ತಪ್ಪಿದ್ದು ನನ್ನ ಕಡೆಯಿಂದ: ತಟ್ಟೆಗಳ ನಡುವಿನ ಕೊಳವೆತುಂಡುಗಳನ್ನು 50 ಮಿಲಿಮೀಟರ್ ಎಂದು ಬರೆದುಕೊಟ್ಟಿದ್ದೆ. ತಟ್ಟೆಯ ದಪ್ಪ ಸೇರಿ ಪ್ರತಿ ಅಂತರ 51 ಆಗಿ, ಜೋಡಿಸಿದ ಸರಳು ಮೂರು ಸೆಂಟಿಮೀಟರಿನಷ್ಟು ಉದ್ದವಾಗಿ, ಮೇಲಿನ ತಟ್ಟೆ ತಲೆಯೊಳಗೆ ಚಾಚಿಕೊಂಡಿತು. ತುಂಡುಗಳನ್ನೆಲ್ಲ 49ಕ್ಕೆ ಇಳಿಸಿಕೊಂಡು ಬರಲು ಮತ್ತೊಂದು ದಿನ ಹೋಯಿತು.

ಜುಲೈ ಎರಡನೆಯ ವಾರ, ಹೊಸ ತಟ್ಟೆಗಳೊಂದಿಗೆ ಮೊದಲ ಓಟ. ಬ್ಯುರೆಟ್ ತೋರಿಸಿದ್ದು 14.9. ನನಗೆ ನಿಜಕ್ಕೂ ಬೇಸರವಾಯಿತು. ಇಷ್ಟು ಖರ್ಚು, ಇಷ್ಟು ಓಡಾಟ, ಆದರೂ ಫನಲ್ ಮುಂದೆಯೇ ಉಳಿಯಿತು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಸ್ಟೀಲ್ ತಟ್ಟೆಗಳ ಅಡಿಯಲ್ಲೂ ಅಲ್ಲಲ್ಲಿ ಎಣ್ಣೆಯ ಹಾಳೆ ಹರಡಿತ್ತು. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೊರೆಯುವಾಗ ಹಾಕಿದ ಕಟಿಂಗ್ ಆಯಿಲ್‌ನ ತೆಳುಪೊರೆ ಹಾಗೆಯೇ ಉಳಿದಿತ್ತು. ಎಣ್ಣೆ ಬಳಿದ ಸ್ಟೀಲ್ ಎಣ್ಣೆಯ ಪಾಲಿಗೆ ಪ್ಲಾಸ್ಟಿಕ್ಕಿನಂತೆಯೇ.

ಅದೇ ಸಂಜೆ ಪಾತ್ರೆ ತೊಳೆಯುವ ಸೋಪಿನಿಂದ ಎಲ್ಲವನ್ನೂ ಉಜ್ಜಿ, ಅವಸರದಲ್ಲಿ ಎರಡು ಬಾರಿ ನೀರು ಹಾಯಿಸಿ, ಮರುದಿನ ಬೆಳಿಗ್ಗೆ ಓಡಿಸಿದೆವು. ಹತ್ತು ನಿಮಿಷದೊಳಗೆ ಕಾಲಮ್ ಹಾಲಿನಂತೆ ಬೆಳ್ಳಗಾಯಿತು. ಉಳಿದಿದ್ದ ಸೋಪು ಎಣ್ಣೆ ಮತ್ತು ನೀರಿನ ಗಡಿಗೆ ಸೇರಿ ಸೆಳೆತವನ್ನು ಕುಗ್ಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಮಾಡಿತ್ತು. ಅವು ಮೇಲೇರುವ ಬದಲು ನೀರಿನ ಜೊತೆ ಕೆಳಗೆ ಹೋಗಿ ಲ್ಯೂಟ್ ಲೆಗ್ ಮೂಲಕ ಹೊರಬಿದ್ದವು. ಹನಿ ಸಣ್ಣದಾದರೆ ಮೇಲ್ಮೈ ಹೆಚ್ಚುತ್ತದೆ ನಿಜ. ಆದರೆ ಸೋಪು ಕುಳಿತ ಹನಿಯ ಮೈ ಬಿಗಿಯಾಗಿ, ಒಳಗಿನ ದ್ರವ ಸುತ್ತಾಡುವುದು ನಿಲ್ಲುತ್ತದೆ. ಒಳಗಿನ ಆಮ್ಲ ಮೈಗೆ ಬರುವುದು ನಿಧಾನವಾಗುತ್ತದೆ. ಆ ದಿನ ಟೈಟ್ರೇಶನ್ ಮಾಡಲಿಲ್ಲ. ಹಾಳಾದ ಹದಿನೈದು ಲೀಟರ್ ಎಣ್ಣೆಯನ್ನು ಬೇರೆ ಕ್ಯಾನಿನಲ್ಲಿ ಗುರುತು ಹಾಕಿ ಇಟ್ಟೆವು. ಒಮ್ಮೆ ಸೋಪು ಸೋಕಿದ ಎಣ್ಣೆಯನ್ನು ಮತ್ತೆ ಕಾಲಮ್‌ಗೆ ಹಾಕಬಾರದು.

ಸರಿಯಾದ ಕ್ರಮವನ್ನು ಮೂರನೆಯ ಬಾರಿಗೆ ಪಾಲಿಸಿದೆವು. ತಟ್ಟೆಗಳ ಸರಳನ್ನು ಬಿಚ್ಚಿ, ಬಿಸಿ ವಾಷಿಂಗ್ ಸೋಡಾ ದ್ರಾವಣದಲ್ಲಿ ಒಂದು ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ, ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದೆವು. ಎಷ್ಟು ತೊಳೆದರೆ ಸಾಕು ಎಂಬುದನ್ನು ತಟ್ಟೆಯೇ ಹೇಳುತ್ತದೆ: ನೇರವಾಗಿ ಹಿಡಿದಾಗ ನೀರು ಎಲ್ಲೂ ಒಡೆಯದೆ ಒಂದೇ ಹಾಳೆಯಾಗಿ ಇಳಿದರೆ ಅದು ಶುದ್ಧ, ಮುತ್ತುಗಳಾಗಿ ಒಡೆದರೆ ಇನ್ನೂ ಎಣ್ಣೆಯಿದೆ. ಆ ಮೇಲೆ ಕೈ ಮುಟ್ಟಿಸದೆ ಗ್ಲೌಸ್ ಹಾಕಿ ಜೋಡಿಸಿದೆವು. ಇನ್ನೊಂದು ನಿಯಮವನ್ನು ಈಗ ಕಾಲಮ್‌ನ ಚೌಕಟ್ಟಿನ ಮೇಲೆಯೇ ಬರೆದು ಅಂಟಿಸಿದ್ದೇನೆ: ಮೊದಲು ನೀರು ತುಂಬಿಸಿ, ಹತ್ತು ನಿಮಿಷ ಮಿಡಿಸಿ, ಆಮೇಲೆ ಎಣ್ಣೆ ಬಿಡಬೇಕು. ತಟ್ಟೆ ಯಾವ ದ್ರವವನ್ನು ಮೊದಲು ಕಾಣುತ್ತದೆಯೋ ಅದಕ್ಕೇ ಅಂಟಿಕೊಳ್ಳುವ ಸ್ವಭಾವ ಅದಕ್ಕಿದೆ.

ಎಣ್ಣೆ ಬಿಟ್ಟ ಕೂಡಲೇ ಕಂಡ ದೃಶ್ಯವನ್ನು ಮರೆಯಲಾರೆ. ಪ್ರತಿ ಮಿಡಿತಕ್ಕೂ ಅರುವತ್ತು ತೂತುಗಳಿಂದ ಸಾಸಿವೆ ಕಾಳಿನ ಗಾತ್ರದ ಹನಿಗಳು ಒಟ್ಟಿಗೆ ಚಿಮ್ಮಿ, ಮೇಲಿನ ತಟ್ಟೆಯ ಅಡಿಯಲ್ಲಿ ಕ್ಷಣ ನಿಂತು, ಮತ್ತೆ ಚಿಮ್ಮುತ್ತಿದ್ದವು. ಲ್ಯಾಬ್ ಸಹಾಯಕರು ಸಹ ತಮ್ಮ ಕೆಲಸ ಬಿಟ್ಟು ಬಂದು ನೋಡಿದರು.

ಆದರೆ ಇಪ್ಪತ್ತು ನಿಮಿಷದಲ್ಲಿ ಹೊಸ ತೊಂದರೆ. ಎಣ್ಣೆಯ ಮೂತಿಯಿಂದ ಎಣ್ಣೆಯ ಜೊತೆ ನೀರೂ ಬರತೊಡಗಿತು. ತಲೆಯಲ್ಲಿ ಸಾಮಾನ್ಯವಾಗಿ ಮೂತಿಗಿಂತ 9 ಸೆಂಟಿಮೀಟರ್ ಕೆಳಗೆ ನಿಲ್ಲುತ್ತಿದ್ದ ಗಡಿ, ಮೂತಿಯ ಹತ್ತಿರಕ್ಕೇ ಏರಿತ್ತು. ಲ್ಯೂಟ್ ಲೆಗ್ ಎಲ್ಲಿಯಾದರೂ ಕಟ್ಟಿಕೊಂಡಿದೆಯೇ ಎಂದು ಬಿಚ್ಚಿ ನೋಡಿದೆವು, ಏನೂ ಇರಲಿಲ್ಲ. ಕಾಗದ ಹಿಡಿದು ಕುಳಿತಾಗ ವಿಷಯ ತಿಳಿಯಿತು, ಮತ್ತು ಈ ಇಡೀ ಕೆಲಸದಲ್ಲಿ ನಾನು ಕಲಿತ ಅತ್ಯಂತ ಬೆಲೆಯುಳ್ಳ ಸಂಗತಿ ಇದೇ ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಲ್ಯೂಟ್ ಲೆಗ್ ಎಂದರೆ ತಕ್ಕಡಿಯ ಒಂದು ತಟ್ಟೆಯಂತೆ. ಅದರೊಳಗಿನ ನೀರಿನ ಕಂಬದ ಭಾರ, ಕಾಲಮ್‌ನೊಳಗಿನ ದ್ರವದ ಭಾರಕ್ಕೆ ಸಮನಾಗಬೇಕು. ಕಾಲಮ್‌ನಲ್ಲಿ ಎಣ್ಣೆಯ ಹನಿಗಳು ಹೆಚ್ಚು ನಿಂತಷ್ಟೂ ಆ ಕಡೆಯ ಭಾರ ಕಡಿಮೆಯಾಗುತ್ತದೆ. ಸೀಮೆಎಣ್ಣೆಯ ಸಾಂದ್ರತೆ 0.80, ನೀರಿಗಿಂತ 0.2 ಕಡಿಮೆ. ಹೋಲ್ಡಪ್ ಎರಡೂವರೆಯಿಂದ ಎಂಟು ಭಾಗಕ್ಕೆ ಏರಿದರೆ, 150 ಸೆಂಟಿಮೀಟರ್ ಎತ್ತರದಲ್ಲಿ ಕಳೆದುಹೋಗುವ ಭಾರ 1.65 ಸೆಂಟಿಮೀಟರ್ ನೀರಿನಷ್ಟು. ಕೇಳಲು ಅಲ್ಪ. ಆದರೆ ಈ ಕೊರತೆಯನ್ನು ತುಂಬಲು ಕಾಲಮ್‌ಗೆ ಇರುವ ಒಂದೇ ದಾರಿಯೆಂದರೆ ತಲೆಯಲ್ಲಿರುವ ಎಣ್ಣೆಯನ್ನು ಹೊರಗೆ ತಳ್ಳಿ ಅದರ ಜಾಗಕ್ಕೆ ನೀರನ್ನು ಏರಿಸಿಕೊಳ್ಳುವುದು. ಒಂದು ಸೆಂಟಿಮೀಟರ್ ಏರಿದರೆ ಸಿಗುವ ಹೆಚ್ಚುವರಿ ಭಾರ ಎರಡು ಮಿಲಿಮೀಟರ್ ನೀರಿನಷ್ಟು ಮಾತ್ರ. ಹಾಗಾಗಿ ಗಡಿ ಎಂಟು ಸೆಂಟಿಮೀಟರಿಗೂ ಹೆಚ್ಚು ಏರಲೇಬೇಕು. ಏರಿತು. ಕಾಲಮ್ ಕೆಟ್ಟಿದ್ದಾಗ ಹೊಂದಿಸಿದ್ದ ಲ್ಯೂಟ್ ಲೆಗ್‌ನ ಎತ್ತರ, ಕಾಲಮ್ ಸರಿಯಾದ ಮೇಲೆ ತಪ್ಪಾಗಿತ್ತು. ಲ್ಯೂಟ್ ಲೆಗ್‌ನ ಕ್ಲಾಂಪ್‌ನ್ನು 16 ಮಿಲಿಮೀಟರ್ ಕೆಳಗಿಳಿಸಿದೆ. ಅರ್ಧ ಗಂಟೆಯೊಳಗೆ ಗಡಿ ತನ್ನ ಹಳೆಯ ಜಾಗಕ್ಕೆ ಬಂದು ನಿಂತಿತು. ಗಡಿಯ ಎತ್ತರವನ್ನು ಹರಿವು ಆರಂಭಿಸುವ ಮೊದಲು ಹೊಂದಿಸಿ ನಿಶ್ಚಿಂತರಾಗುವ ಅಭ್ಯಾಸ ನಮ್ಮಲ್ಲಿತ್ತು. ಈಗ ಹೋಲ್ಡಪ್ ನೆಲೆಗೊಂಡ ಮೇಲೆ ಮತ್ತೊಮ್ಮೆ ನೋಡುತ್ತೇವೆ.

ನಿಮಿಷಕ್ಕೆ 60 ಮಿಡಿತಗಳಲ್ಲಿ, 45 ನಿಮಿಷ ಕಾದು ತೆಗೆದ ಮಾದರಿಗಳು: ಹೊರಬಂದ ಎಣ್ಣೆಗೆ 7.5, ನೀರಿಗೆ 11.8. ಆಮ್ಲದ ನೂರಕ್ಕೆ 76 ಭಾಗ ನೀರಿಗೆ ಬಂದಿತ್ತು. ಗ್ರಾಫಿನಲ್ಲಿ ಮೆಟ್ಟಿಲು ಎಣಿಸಿದರೆ ಮೂರಕ್ಕೆ ತುಸುವೇ ಕಡಿಮೆ; ಅಂದರೆ ಒಂದು ಸೈದ್ಧಾಂತಿಕ ಹಂತಕ್ಕೆ ಅರ್ಧ ಮೀಟರ್ ಎತ್ತರ. 42ರಿಂದ 76 ಎಂಬ ಏರಿಕೆ ಸಣ್ಣದಾಗಿ ಕಾಣಬಹುದು. ಆದರೆ ಈ ಅನುಪಾತದ ನೀರಿನಲ್ಲಿ, ಈ ಬಾಗಿದ ರೇಖೆಯ ಮೇಲೆ, ಅಂತಿಮ ಮಿತಿಯೇ ನೂರಕ್ಕೆ 80ರ ಸುಮಾರಿಗಿದೆ. ಕಾಲಮ್‌ನ್ನು ಎಷ್ಟೇ ಎತ್ತರಿಸಿದರೂ ಅದನ್ನು ದಾಟಲಾಗದು. ಶೇಕಡಾ ಲೆಕ್ಕಕ್ಕಿಂತ ಹಂತಗಳ ಲೆಕ್ಕವನ್ನು ನಾನು ಹೆಚ್ಚು ನಂಬುವುದು ಇದಕ್ಕಾಗಿಯೇ.

ಹೋಲ್ಡಪ್ ಅಳೆದಾಗ ಗಡಿ 30 ಮಿಲಿಮೀಟರ್ ಇಳಿಯಿತು, ಎಂಟು ಭಾಗ. ಹನಿಯ ವ್ಯಾಸ ಸುಮಾರು 2 ಮಿಲಿಮೀಟರ್. ಮೇಲ್ಮೈ ಘನ ಮೀಟರಿಗೆ 240 ಚದರ ಮೀಟರ್, ಮೊದಲಿನ ಹತ್ತಿರ ಹತ್ತು ಪಟ್ಟು. ಮೇಲ್ಮೈ ಹತ್ತು ಪಟ್ಟಾದರೂ ಹಂತಗಳು ಅಷ್ಟು ಏಕೆ ಹೆಚ್ಚಲಿಲ್ಲ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ದೊಡ್ಡ ಹನಿ ಓಲಾಡುತ್ತಾ ಏರುವಾಗ ಅದರ ಒಳಗೆ ದ್ರವ ಜೋರಾಗಿ ಕಲಕುತ್ತದೆ, ಆದ್ದರಿಂದ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಹೆಚ್ಚು ಆಮ್ಲ ದಾಟುತ್ತದೆ. ಸಣ್ಣ ಹನಿ ಹೆಚ್ಚು ಕಡಿಮೆ ಗಟ್ಟಿ ಗೋಲಿಯಂತೆ ಏರುತ್ತದೆ, ಒಳಗೆ ಕಲಕಾಟ ಕಡಿಮೆ. ಜೊತೆಗೆ ಮಿಡಿತವು ಹನಿ ಮಾಡುವುದರೊಂದಿಗೆ, ಕೆಳಗಿನ ತಟ್ಟೆಯ ಆಮ್ಲ ತುಂಬಿದ ನೀರನ್ನು ಮೇಲಿನ ತಟ್ಟೆಯ ತಿಳಿನೀರಿಗೆ ಬೆರೆಸುತ್ತದೆ ಕೂಡ. ಎದುರುಬದುರಾಗಿ ಹರಿಯುವುದರ ಲಾಭವನ್ನು ಈ ಹಿಮ್ಮುಖ ಬೆರಕೆ ತಿಂದುಹಾಕುತ್ತದೆ.

ಮಿಡಿತದ ವೇಗವನ್ನು ಬದಲಿಸಿ ನೋಡಿದಾಗ ಇದು ಕಣ್ಣಿಗೇ ಕಂಡಿತು. ನಿಮಿಷಕ್ಕೆ 40ರಲ್ಲಿ ಎಣ್ಣೆಯ ಅಂಕಿ 9.6, ಹನಿಗಳು ದೊಡ್ಡವು, ಮಿಡಿತಗಳ ನಡುವೆ ತಟ್ಟೆಯ ಅಡಿಯಲ್ಲಿ ಎಣ್ಣೆ ಪದರವಾಗಿ ನಿಲ್ಲುತ್ತಿತ್ತು. 60ರಲ್ಲಿ 7.5. 75ರಲ್ಲಿ 7.2. 90ರಲ್ಲಿ ಮತ್ತೆ 8.4ಕ್ಕೆ ಏರಿತು, ಹನಿಗಳು ಇನ್ನೂ ಸಣ್ಣವಾಗಿದ್ದರೂ ಬೆರಕೆ ಗೆದ್ದಿತ್ತು. 105ರಲ್ಲಿ ಕಾಲಮ್ ಉಸಿರುಗಟ್ಟಿತು: ಹನಿಗಳು ಏರಲಾಗದೆ ತಟ್ಟೆಗಳ ನಡುವೆ ಕಿಕ್ಕಿರಿದು, ಎಣ್ಣೆ ನೀರಿನ ದಾರಿಯಲ್ಲಿ ಹೊರಬರತೊಡಗಿತು. ಕನಿಷ್ಠ ಅಂಕಿ 75ರದ್ದೇ ಆದರೂ ಅಲ್ಲಿ ಹೊರಹೋಗುವ ನೀರು ತುಸು ಮಬ್ಬಾಗಿ, ಸಣ್ಣ ಹನಿಗಳನ್ನು ಹೊತ್ತೊಯ್ಯುತ್ತಿತ್ತು. 0.3 ಮಿಲಿಲೀಟರ್ ಲಾಭಕ್ಕಾಗಿ ಎಣ್ಣೆಯನ್ನು ನೀರಿಗೆ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. 60ಕ್ಕೆ ಗುರುತು ಹಾಕಿದ್ದೇನೆ.

ಸಣ್ಣಪುಟ್ಟ ಬದಲಾವಣೆಗಳನ್ನು ಒಟ್ಟಿಗೆ ಬರೆದುಬಿಡುತ್ತೇನೆ. ಎಣ್ಣೆಯ ದಾರಿಯಲ್ಲಿದ್ದ ಸಿಲಿಕೋನ್ ಟ್ಯೂಬ್ ಉಬ್ಬಿ ಮೆತ್ತಗಾಗಿತ್ತು. ವಾಹನಗಳ ಇಂಧನಕ್ಕೆ ಬಳಸುವ ನೈಟ್ರೈಲ್ ಪೈಪನ್ನು ತಂದು ಹಾಕಿದೆವು. ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್‌ಗೆ (ಕಿಡಿ ಸೋಕಿದರೆ ಆವಿ ಹೊತ್ತಿಕೊಳ್ಳುವ ಉಷ್ಣತೆಗೆ) ನಮ್ಮ ದೇಶದ ಮಾನಕದಲ್ಲಿರುವ ಕನಿಷ್ಠ ಮಿತಿ 35 ಡಿಗ್ರಿ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ನಮ್ಮ ಕೋಣೆ ಅದರ ಹತ್ತಿರಕ್ಕೇ ಬರುವುದರಿಂದ, ಮೋಟಾರಿನ ಸ್ವಿಚ್ಚನ್ನು ಕಾಲಮ್‌ನಿಂದ ದೂರದ ಗೋಡೆಗೆ ಸ್ಥಳಾಂತರಿಸಿ, ಆ ಎರಡು ತಿಂಗಳು ಈ ಪ್ರಯೋಗವನ್ನು ಬೆಳಗಿನ ತಂಡಗಳಿಗೆ ಮಾತ್ರ ಇಟ್ಟಿದ್ದೇವೆ.

ಹಳೆಯ ಪಾಲಿಪ್ರೊಪಿಲೀನ್ ತಟ್ಟೆಗಳನ್ನು ಎಸೆಯಲಿಲ್ಲ. ಎಣ್ಣೆಯನ್ನು ತುಂಬಿಸಿ ನೀರನ್ನು ಹನಿಯಾಗಿ ಮೇಲಿನಿಂದ ಬಿಟ್ಟರೆ, ಗಡಿ ಕಾಲಮ್‌ನ ಬುಡಕ್ಕೆ ಬಂದರೆ, ಆ ತಟ್ಟೆಗಳೇ ಸರಿಯಾದ ತಟ್ಟೆಗಳಾಗುತ್ತವೆ. ಆಗ ಆಮ್ಲವೂ ಸುತ್ತಲಿನ ಎಣ್ಣೆಯಿಂದ ಹನಿಯೊಳಗೆ ಹೋಗುವುದರಿಂದ ಹನಿಗಳು ಸುಲಭವಾಗಿ ಕೂಡಿಕೊಳ್ಳಲಾರವು. ಅಂಚಿನ ಸಂದು ಮುಚ್ಚಲು ಅದೇ ಬಗೆಯ ಹಾಳೆಯಿಂದ 49 ಮಿಲಿಮೀಟರಿನ ಹೊಸ ತಟ್ಟೆಗಳನ್ನು ಕತ್ತರಿಸಲು ಬೈಕಂಪಾಡಿಗೆ ಕೊಟ್ಟಿದ್ದೇನೆ. ಈ ಸಲ ಕೊಳವೆತುಂಡುಗಳ ಅಳತೆಯನ್ನು 49 ಎಂದೇ ಬರೆದಿದ್ದೇನೆ, ಮತ್ತು ತಟ್ಟೆಗಳನ್ನು ಎಣ್ಣೆ ಹಾಕದೆ ಒಣದಾಗಿ ಕೊರೆಯಲು ಹೇಳಿದ್ದೇನೆ. ತುಳುವರ ಆಟಿ ತಿಂಗಳು ಮುಗಿಯುವುದರೊಳಗೆ ಅವು ಕೈಗೆ ಬರಬೇಕು.